ಫಾದರಿಂಗ್‌ಹೇ ದಿಬ್ಬ: ಕಲ್ಲು ಹೋದ ಮೇಲೆ ಉಳಿದ ಕೋಟೆ

(ಕಳೆದ ತಿಂಗಳು ನಮ್ಮ ಕನ್ನಡ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತಿದು. ಬರಲಾಗದವರು ಕೇಳಿದರು ಅಂತ ಬರೆದು ಹಾಕುತ್ತಿದ್ದೇನೆ. ಜಾಸ್ತಿ ತಿದ್ದಿಲ್ಲ. ನಡುವೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತು ಪರದೆ ಮೇಲೆ ಬರುವ ಯಾವ ಫೋಟೋದಲ್ಲೂ ಕೋಟೆ ಇಲ್ಲ. ಹುಲ್ಲು ಇದೆ, ಕುರಿ ಇದೆ, ಒಂದು ಹೊಳೆ ಇದೆ, ಒಂದು ದೊಡ್ಡ ದಿಬ್ಬ ಇದೆ. ಕೋಟೆ ಅಂದ ತಕ್ಷಣ ಚಿತ್ರದುರ್ಗದ ಕಲ್ಲಿನ ಸುತ್ತುಗಳು ಕಣ್ಣಮುಂದೆ ಬರುವ ನಮಗೆ ಇದೇನು ಕೋಟೆ ಅನ್ನಿಸಬಹುದು. ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಐದಾರು ಸಲ ಹೋಗಿ ಬಂದ ಮೇಲೆ, ಈ ಇಂಗ್ಲೆಂಡಿನಲ್ಲಿ ನೋಡಿದ ಕೋಟೆಗಳಲ್ಲೆಲ್ಲ ನನಗೆ ತೀರಾ ಹತ್ತಿರವಾದದ್ದು ಇದೇ.

ಊರಿನ ಹೆಸರು ಫಾದರಿಂಗ್‌ಹೇ. ನಾರ್ಥಾಂಪ್ಟನ್‌ಶೈರ್‌ನ ಸಣ್ಣ ಹಳ್ಳಿ, ಔಂಡಲ್ ಪೇಟೆಯಿಂದ ಐದಾರು ಕಿಲೋಮೀಟರ್. ಇರುವುದು ಒಂದು ಬೀದಿ. ಪಕ್ಕದಲ್ಲಿ ಹರಿಯುವ ಹೊಳೆಗೆ ಪೀಟರ್‌ಬರೋ ಕಡೆಯವರು ನೀನ್ ಅನ್ನುತ್ತಾರೆ, ನಾರ್ಥಾಂಪ್ಟನ್ ಕಡೆಯವರು ನೆನ್ ಅನ್ನುತ್ತಾರೆ. ನೀನ್ ಅಂದಾಗಲೆಲ್ಲ ನನಗೆ ಯಾರೋ ಕನ್ನಡದಲ್ಲಿ ಕರೆದ ಹಾಗೆ ಆಗುತ್ತದೆ.

ಬೀದಿಯ ಕೊನೆಯಲ್ಲಿ ಹೊಲದ ಕಡೆಗೆ ಹೋದರೆ ದಿಬ್ಬ ಎದುರಿಗೇ ನಿಲ್ಲುತ್ತದೆ. ಎತ್ತರ ಸುಮಾರು 7 ಮೀಟರ್. ಬುಡದಲ್ಲಿ ಅಡ್ಡಗಲ ಸುಮಾರು 70 ಮೀಟರ್, ನೆತ್ತಿಯಲ್ಲಿ 30. ದೂರದಿಂದ ನೋಡಿದರೆ ಹೊಲದ ನಡುವೆ ಯಾರೋ ದೊಡ್ಡ ಬಟ್ಟಲು ಬೋರಲು ಹಾಕಿಟ್ಟ ಹಾಗೆ. ಹತ್ತಿರ ಹೋದಾಗಲೇ ಅದರ ಕಡಿದು ಗೊತ್ತಾಗುವುದು. ನಾನು ಮೊದಲ ಸಲ ಹೋದಾಗ ಹಿಂದಿನ ರಾತ್ರಿ ಮಳೆ ಬಂದಿತ್ತು. ನೇರವಾಗಿ ಹತ್ತಲು ಹೋಗಿ ಅರ್ಧಕ್ಕೇ ಕಾಲು ಜಾರಿತು, ಎರಡೂ ಕೈ ಊರಿ ಹುಲ್ಲು ಹಿಡಿದುಕೊಂಡೆ. ಮುಖದ ಹತ್ತಿರವೇ ನೆಲ. ಹುಲ್ಲಿನ ಬೇರು, ಕುರಿ ಹಿಕ್ಕೆ, ಒಂದು ಮುಳ್ಳುಗಿಡದ ಎಲೆ. ಆಗ ಹೊಳೆಯಿತು, ಈ ದಿಬ್ಬ ಮಾಡಿದ್ದೇ ಇದಕ್ಕೆ ಅಂತ. ಕತ್ತಿ ಹಿಡಿದು ಓಡಿ ಬರುವವನು ಇಲ್ಲಿ ಕೈ ಊರಲೇಬೇಕು. ಕೈ ಊರಿದವನಿಗೆ ಕತ್ತಿ ಬೀಸಲು ಆಗುವುದಿಲ್ಲ. ಒಂಬೈನೂರು ವರ್ಷ ಆದ ಮೇಲೂ ಆ ಇಳಿಜಾರು ತನ್ನ ಕೆಲಸ ಬಿಟ್ಟಿಲ್ಲ.

ಇದನ್ನು ಕಟ್ಟಿಸಿದ್ದು 1100ರ ಆಸುಪಾಸಿನಲ್ಲಿ, ಸೈಮನ್ ಡಿ ಸೆನ್ಲಿಸ್ ಅನ್ನುವ ನಾರ್ಮನ್ ಪಾಳೇಗಾರ. ನಾರ್ಥಾಂಪ್ಟನ್‌ನ ಅರ್ಲ್ ಆಗಿದ್ದವನು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ಬಂದು ಇಂಗ್ಲೆಂಡ್ ಗೆದ್ದ ಕತೆ ನಿಮಗೆ ಗೊತ್ತು. ಗೆದ್ದದ್ದೇನೋ ಗೆದ್ದರು, ಆದರೆ ಅವರು ಕೆಲವೇ ಸಾವಿರ ಜನ, ಸುತ್ತ ಇಡೀ ಒಂದು ದೇಶ. ಕಲ್ಲಿನ ಕೋಟೆ ಕಟ್ಟುತ್ತಾ ವರ್ಷಗಟ್ಟಲೆ ಕೂರಲು ಆಗುವುದಿಲ್ಲವಲ್ಲ. ಅದಕ್ಕೇ ಮಣ್ಣು. ಸುತ್ತ ಕಂದಕ ತೋಡುವುದು, ಆ ಮಣ್ಣನ್ನು ಒಳಗೆ ಗುಡ್ಡೆ ಹಾಕಿ ದಿಮ್ಮಿಸುವುದು, ಮೇಲೆ ಮರದ ಗೋಪುರ ನಿಲ್ಲಿಸುವುದು. ಪಕ್ಕದಲ್ಲಿ ಏರಿ ಹಾಕಿ ಒಂದು ಅಂಗಳ, ಅದರೊಳಗೆ ಮನೆ, ಅಡಿಗೆಮನೆ, ಲಾಯ. ಯಾರ್ಕ್‌ನಲ್ಲಿ ದಂಗೆ ಎದ್ದಾಗ ವಿಲಿಯಂ ಅಲ್ಲಿ ಎಂಟೇ ದಿನ ಇದ್ದು ಎರಡನೇ ಕೋಟೆ ಎಬ್ಬಿಸಿ ಹೋದ ಅಂತ ಮುಂದಿನ ತಲೆಮಾರಿನ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ವಿಲಿಯಂ ಗೆದ್ದ ಕತೆಯನ್ನು ಹೊಲಿದಿರುವ ಬೇಯೂ ಕಸೂತಿಪಟ ನೋಡಿದವರು ನೆನಪು ಮಾಡಿಕೊಳ್ಳಿ, ಹೇಸ್ಟಿಂಗ್ಸ್‌ನಲ್ಲಿ ಜನ ಗುದ್ದಲಿ ಹಿಡಿದು ದಿಬ್ಬ ಹಾಕುವ ಚಿತ್ರ ಅದರಲ್ಲಿದೆ. ಆ ದಿಬ್ಬವನ್ನು ಬೇರೆ ಬೇರೆ ಬಣ್ಣದ ಪಟ್ಟೆಗಳಲ್ಲಿ ಹೊಲಿದಿದ್ದಾರೆ. ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಇಂಥ ಕೆಲವು ದಿಬ್ಬಗಳನ್ನು ಅಗೆದು ನೋಡಿದಾಗ ನಿಜವಾಗಿಯೂ ಹಾಗೇ ಪದರ ಪದರವಾಗಿ ಸಿಕ್ಕಿದೆ. ಒಂದು ಪದರ ಜೇಡಿ, ಒಂದು ಪದರ ಗರಸು, ಮತ್ತೆ ಜೇಡಿ.

(ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಅಷ್ಟು ಮಣ್ಣು ಎಲ್ಲಿಂದ ಹೊತ್ತು ತಂದರಪ್ಪ?")

ಎಲ್ಲಿಂದಲೂ ತರಲಿಲ್ಲ, ಅಮ್ಮ. ಅಲ್ಲೇ ಕಾಲಡಿಯ ಮಣ್ಣು. ಕಂದಕ ಆಳವಾದಷ್ಟೂ ದಿಬ್ಬ ಎತ್ತರ. ಎರಡೂ ಒಂದೇ ಕೆಲಸ. ನಮ್ಮಲ್ಲಿ ಕಟ್ಟೆ ಅನ್ನುವ ಮಾತಿದೆಯಲ್ಲ, ಮಣ್ಣು ಏರಿಸಿ ಹಾಕಿದ ಒಡ್ಡಿಗೂ ಕಟ್ಟೆ, ಅದರ ಹಿಂದೆ ನಿಂತ ನೀರಿಗೂ ಕಟ್ಟೆ. ಇಂಗ್ಲಿಷಿನಲ್ಲೂ ಹೀಗೇ ಆಗಿದೆ. ಇಂಥ ದಿಬ್ಬಕ್ಕೆ ಇವರು ಮಾಟ್ ಅನ್ನುತ್ತಾರೆ. ಕಂದಕಕ್ಕೆ ಮೋಟ್. ಎರಡೂ ಹಳೆಯ ಫ್ರೆಂಚಿನ ಒಂದೇ ಪದದಿಂದ ಬಂದವು, ಆ ಪದಕ್ಕೆ ದಿಬ್ಬ ಅಂತ ಅರ್ಥ. ದಿಬ್ಬದ ಹೆಸರು ನಿಧಾನವಾಗಿ ಜಾರಿ ಗುಂಡಿಗೆ ಬಂದು ಕೂತಿದೆ.

ನಾನು ಒಂದು ದಿನ ಸಂಜೆ ಕೂತು ಲೆಕ್ಕ ಹಾಕಿದೆ. ಆ ಅಳತೆಗೆ ದಿಬ್ಬದಲ್ಲಿ ಸುಮಾರು 14,000 ಘನ ಮೀಟರ್ ಮಣ್ಣಿದೆ. ಒಂದು ಟಿಪ್ಪರ್ ಲಾರಿಗೆ 10 ಘನ ಮೀಟರ್ ಅಂತ ಇಟ್ಟುಕೊಂಡರೆ 1,400 ಲೋಡು. ಒಬ್ಬ ಆಳು ದಿನಕ್ಕೆ 2 ಘನ ಮೀಟರ್ ಅಗೆದು, ಹೊತ್ತು, ಮೇಲೆ ಹಾಕಿದ ಅಂದುಕೊಳ್ಳಿ, 100 ಆಳು 70 ದಿನ ದುಡಿಯಬೇಕು. ಆಗಿನ ಗುದ್ದಲಿ ಪೂರ್ತಿ ಕಬ್ಬಿಣದ್ದೂ ಅಲ್ಲ, ಮರದ ಹಲಗೆಗೆ ಅಂಚಿನಲ್ಲಿ ಮಾತ್ರ ಕಬ್ಬಿಣದ ಪಟ್ಟಿ. ಇಂಥ ಕೋಟೆಗಳಿಗೆ ಅಗೆದವರು ಸಂಬಳದ ಆಳುಗಳಲ್ಲ, ಸುತ್ತಲ ಹಳ್ಳಿಗಳ ರೈತರು. ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಮಾತಿದೆ, ಬಿಟ್ಟಿ. ಕೋಟೆ ಕಟ್ಟಿಸಿ ಬಡವರನ್ನು ಹಿಂಸೆ ಮಾಡಿದರು ಅಂತ ಆ ಕಾಲದ ಇಂಗ್ಲಿಷ್ ವಾರ್ಷಿಕ ದಾಖಲೆಯಲ್ಲೇ ಬರೆದಿದೆ. ತಮ್ಮ ಮೇಲೆ ಕಾವಲು ಇಡುವ ದಿಬ್ಬವನ್ನು ತಾವೇ ಹಾಕಬೇಕಾಯಿತು. ರಾಜರಾಣಿಯರ ಕತೆಗೆ ಹೋಗುವ ಮುಂಚೆ ಆ ಜನರನ್ನು ನೆನೆಯಬೇಕು ಅಂತ ನನಗೆ ಅನ್ನಿಸುತ್ತದೆ. ಅವರಲ್ಲಿ ಒಬ್ಬರ ಹೆಸರೂ ನಮಗೆ ಸಿಗುವುದಿಲ್ಲ. ಆದರೆ ಇವತ್ತು ಅಲ್ಲಿ ನಿಂತಿರುವುದು ಅವರ ಕೆಲಸವೇ.

ಸರಿ, ಮುಂದಿನ ಕತೆ. ಕೋಟೆ ಮದುವೆಯ ದಾರಿಯಲ್ಲಿ ಸ್ಕಾಟ್ಲೆಂಡಿನ ರಾಜಮನೆತನಕ್ಕೆ ಹೋಯಿತು. ಸೈಮನ್ ಸತ್ತ ಮೇಲೆ ಅವನ ಹೆಂಡತಿ ಮಾಡ್, ಮುಂದೆ ಸ್ಕಾಟ್ಲೆಂಡಿನ ದೊರೆಯಾದ ಡೇವಿಡ್‌ನನ್ನು ಮದುವೆಯಾದಳು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಮರ ಹೋಗಿ ಕಲ್ಲು ಬಂತು. 14ನೇ ಶತಮಾನದ ಹೊತ್ತಿಗೆ ಇಲ್ಲಿ ಕಂದಕ ಸುತ್ತಿದ ಕಲ್ಲಿನ ಗೋಪುರ, ದೊಡ್ಡ ಸಭಾಂಗಣ, ಎರಡು ಪ್ರಾರ್ಥನಾಮಂದಿರ, ಅಡಿಗೆಮನೆ, ರೊಟ್ಟಿ ಸುಡುವ ಮನೆ, ಎತ್ತುಸೇತುವೆಯ ಹೆಬ್ಬಾಗಿಲು ಎಲ್ಲ ಇದ್ದವು. 1377ರಲ್ಲಿ ಮೂರನೇ ಎಡ್ವರ್ಡ್‌ನ ಮಗ ಎಡ್ಮಂಡ್‌ಗೆ ಕೋಟೆ ಸಿಕ್ಕಿತು. ಅವನಿಂದ ಶುರುವಾದದ್ದೇ ಯಾರ್ಕ್ ಮನೆತನ. ಆಮೇಲೆ ನೂರು ವರ್ಷ ಇದು ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಒಂದು. 1452ರ ಅಕ್ಟೋಬರ್ 2ರಂದು ಇಲ್ಲೇ ಒಂದು ಮಗು ಹುಟ್ಟಿತು, ಮುಂದೆ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ ಆದದ್ದು ಅದೇ.

ರಿಚರ್ಡ್ 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತ. ಯಾರ್ಕ್ ಮನೆತನ ಮುಗಿಯಿತು, ಮನೆಯ ಗೌರವವೂ ಹೋಯಿತು. ಎಂಟನೇ ಹೆನ್ರಿ ತಾನು ಬಿಟ್ಟ ಹೆಂಡತಿ ಕ್ಯಾಥರೀನ್‌ಳನ್ನು ಇಲ್ಲಿಗೆ ಕಳಿಸಲು ನೋಡಿದಾಗ ಅವಳು ಆ ಮನೆಗೆ ಹೋಗುವುದಿಲ್ಲ ಅಂತ ಹಟ ಹಿಡಿದಳು.

ಈಗ ಎಲ್ಲರೂ ಕಾಯುತ್ತಿರುವ ಕತೆ, ಮೇರಿಯದು. ಸ್ಕಾಟ್ಲೆಂಡಿನ ರಾಣಿ ಮೇರಿ 19 ವರ್ಷ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದಳು. ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳನ್ನು ಕೊಲ್ಲುವ ಸಂಚಿಗೆ ಒಪ್ಪಿಗೆ ಕೊಟ್ಟಳು ಅನ್ನುವ ಆಪಾದನೆ ಹೊರಿಸಿ 1586ರ ಸೆಪ್ಟೆಂಬರ್‌ನಲ್ಲಿ ಅವಳನ್ನು ಇಲ್ಲಿಗೆ ಕರೆತಂದರು. ಅಕ್ಟೋಬರ್‌ನಲ್ಲಿ ಎರಡು ದಿನ ವಿಚಾರಣೆ. 1587ರ ಫೆಬ್ರವರಿ 8ರ ಬೆಳಿಗ್ಗೆ ಸಭಾಂಗಣದಲ್ಲಿ ಹಾಕಿದ್ದ ಮರದ ಅಟ್ಟಣೆಯ ಮೇಲೆ ಅವಳ ತಲೆ ಕಡಿದರು. ಆಗ ಅವಳಿಗೆ 44 ವರ್ಷ. ಮೊದಲ ಏಟು ಗುರಿ ತಪ್ಪಿತು. ಎಲ್ಲ ಮುಗಿದ ಮೇಲೆ ಅವಳ ಲಂಗದ ಒಳಗಿಂದ ಅವಳ ಪುಟ್ಟ ನಾಯಿ ಹೊರಗೆ ಬಂತು, ಅವಳನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ನಾನು ಇದನ್ನು ಬೆಳೆಸಿ ಹೇಳುವುದಿಲ್ಲ, ಇಲ್ಲಿ ಮಕ್ಕಳೂ ಇದ್ದಾರೆ. ಸೀಸದ ಪೆಟ್ಟಿಗೆಯಲ್ಲಿಟ್ಟ ದೇಹ ಜುಲೈ ಕೊನೆಯವರೆಗೂ ಇದೇ ಕೋಟೆಯಲ್ಲಿ ಇತ್ತು. ಆಮೇಲೆ ಪೀಟರ್‌ಬರೋದಲ್ಲಿ ಹೂತರು. ಮಗ ಜೇಮ್ಸ್ ಇಂಗ್ಲೆಂಡಿನ ದೊರೆಯಾದ ಮೇಲೆ 1612ರಲ್ಲಿ ಅವಳನ್ನು ವೆಸ್ಟ್‌ಮಿನ್‌ಸ್ಟರ್‌ಗೆ ತರಿಸಿದ.

ಡೇವಿಡ್ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆ. ಅವನ ಮೊಮ್ಮಗ ಇನ್ನೊಬ್ಬ ಡೇವಿಡ್, ಹಂಟಿಂಗ್‌ಡನ್‌ನ ಅರ್ಲ್, ಈ ಕೋಟೆಯ ಒಡೆಯನಾಗಿದ್ದ. ಅವನ ಮಗಳ ವಂಶದಲ್ಲಿ ಬ್ರೂಸ್ ದೊರೆಗಳು ಬಂದರು, ಬ್ರೂಸ್ ಮನೆಯ ಮಗಳಿಂದ ಸ್ಟುವರ್ಟ್ ಮನೆ ಬಂತು, ಆ ಮನೆಯವಳು ಮೇರಿ. ಅಂದರೆ ಅವಳ ತಲೆ ತೆಗೆದದ್ದು ಅವಳ ಮುತ್ತಜ್ಜಂದಿರ ಮನೆಯಲ್ಲೇ. ಇದು ಗೊತ್ತಾದ ದಿನ ನನಗೆ ತುಂಬಾ ಹೊತ್ತು ಬೇರೆ ಏನೂ ಓದಲು ಆಗಲಿಲ್ಲ.

ಆ ಸಭಾಂಗಣ ಎಲ್ಲಿತ್ತು ಅಂತ ಅಲ್ಲಿಗೆ ಬಂದವರೆಲ್ಲ ಹುಡುಕುತ್ತಾರೆ. ದಿಬ್ಬಕ್ಕೂ ಹೊಳೆಗೂ ನಡುವೆ ಒಳ ಅಂಗಳದ ಜಾಗ ಇದೆ, ಸುತ್ತಲ ನೆಲಕ್ಕಿಂತ ಸ್ವಲ್ಪ ಎತ್ತರ. ಕಟ್ಟಡಗಳೆಲ್ಲ ಇದ್ದದ್ದು ಆ ಕಡೆಗೆ. ಈಗ ಬರೀ ಹುಲ್ಲು. ಹೊಳೆಯ ದಡದಲ್ಲಿ ಮಾತ್ರ ಒಂದು ದಪ್ಪ ಕಲ್ಲುಗಾರೆಯ ಗಡ್ಡೆ ಬಿದ್ದಿದೆ, ಸುತ್ತ ಕಬ್ಬಿಣದ ಕಂಬಿ ಹಾಕಿದ್ದಾರೆ, ರಿಚರ್ಡ್ ಹುಟ್ಟಿದ್ದು, ಮೇರಿ ಸತ್ತದ್ದು ಅಂತ ಫಲಕಗಳಿವೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ತಪ್ಪು ಅನ್ನುವುದಿಲ್ಲ. ಆದರೆ ಆ ಗಡ್ಡೆಯನ್ನು ಹತ್ತಿರದಿಂದ ನೋಡಿ. ಒಂದೂ ಒಪ್ಪವಾಗಿ ಕೆತ್ತಿದ ಕಲ್ಲಿಲ್ಲ. ಚೂರುಕಲ್ಲು, ಸುಣ್ಣದ ಗಾರೆ, ಮತ್ತೆ ಚೂರುಕಲ್ಲು. ಗೋಡೆಯ ಹೊಟ್ಟೆ ಅದು. ಹೊರಗೆ ಚಂದದ ಕಲ್ಲು ಹೊದಿಸಿ ಒಳಗೆ ಇದನ್ನು ತುಂಬುತ್ತಿದ್ದರು. ಚಂದದ ಕಲ್ಲನ್ನು ಕಿತ್ತುಕೊಂಡು ಹೋದರು, ಯಾರಿಗೂ ಬೇಡವಾದದ್ದು ಉಳಿಯಿತು.

ಕೋಟೆ ಹಾಳಾದದ್ದು ಹೇಗೆ ಅನ್ನುವುದಕ್ಕೆ ಒಂದು ಕತೆ ಇದೆ, ಎಲ್ಲ ಕಡೆ ಕೇಳುತ್ತೀರಿ. ಜೇಮ್ಸ್ ತನ್ನ ತಾಯಿಯನ್ನು ಕೊಂದ ಜಾಗ ನೆಲಸಮ ಆಗಲಿ ಅಂತ ಅಪ್ಪಣೆ ಕೊಟ್ಟ ಅಂತ. ಕೇಳಲು ಚೆನ್ನಾಗಿದೆ, ನಿಜ ಅಲ್ಲ. ಜೇಮ್ಸ್ ಸತ್ತದ್ದು 1625ರಲ್ಲಿ. ಆ ವರ್ಷ ನಡೆದ ಸರ್ವೆಯಲ್ಲೂ ಕಟ್ಟಡಗಳು ನಿಂತಿದ್ದವು. ಹಾಳು ಸುರಿಯಲು ಶುರುವಾದದ್ದು ಆಮೇಲೆ, 1635ರ ನಂತರ ಕೆಡವಿದರು. ಯಾವ ಸೇಡೂ ಇಲ್ಲ. ಇಷ್ಟು ದೊಡ್ಡ ಹಳೆಯ ಮನೆ ಯಾರಿಗೂ ಬೇಕಾಗಲಿಲ್ಲ, ಅದರ ಕಲ್ಲು ಮಾತ್ರ ಎಲ್ಲರಿಗೂ ಬೇಕಾಯಿತು. ಔಂಡಲ್‌ನ ಟಾಲ್ಬಟ್ ಹೋಟೆಲಿನಲ್ಲಿ ಒಂದು ಮರದ ಮೆಟ್ಟಿಲಿದೆ, ಇದೇ ಕೋಟೆಯಿಂದ ತಂದದ್ದು, ಮೇರಿ ಕೊನೆಯ ಸಲ ಇಳಿದದ್ದು ಇದರ ಮೇಲೇ ಅಂತ ಅಲ್ಲಿನವರ ನಂಬಿಕೆ. ದಿಬ್ಬದ ಮೇಲೆ ಬೆಳೆಯುವ ಎತ್ತರದ ಮುಳ್ಳುಗಿಡಕ್ಕೂ ಒಂದು ಕತೆ ಇದೆ. ಸ್ಕಾಟ್ಲೆಂಡಿನ ಗುರುತಾದ ಆ ಗಿಡವನ್ನು ಮೇರಿಯೇ ನೆಟ್ಟಳಂತೆ. ಊರವರು ಅದಕ್ಕೆ ರಾಣಿ ಮೇರಿಯ ಕಣ್ಣೀರು ಅನ್ನುತ್ತಾರೆ.

ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವ ವಿಷಯ ಇಲ್ಲಿದೆ ನೋಡಿ. ಗಟ್ಟಿಯಾದದ್ದು ಉಳಿಯುತ್ತದೆ, ಮಣ್ಣು ಕರಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಉಲ್ಟಾ ಆಗಿದೆ. ಕಲ್ಲನ್ನು ಗಾಡಿಗೆ ಹೇರಿಕೊಂಡು ಹೋಗಬಹುದು, ಕೊಟ್ಟಿಗೆ ಕಟ್ಟಬಹುದು, ಬೇಲಿ ಗೋಡೆ ಕಟ್ಟಬಹುದು. ಗುಂಡಿಯನ್ನು ಕದ್ದುಕೊಂಡು ಹೋಗಲು ಆಗುವುದಿಲ್ಲ. 14,000 ಘನ ಮೀಟರ್ ಮಣ್ಣು ಹೊತ್ತು ಹಾಕುವ ತಾಳ್ಮೆಯೂ ಯಾರಿಗೂ ಇಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ಮಾಡಿದ್ದು, ಮೊದಲ ತಿಂಗಳ ಅಗೆತ, ಎಲ್ಲಕ್ಕಿಂತ ಕೊನೆಯವರೆಗೂ ಉಳಿದಿದೆ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಇಂಥ ದಿಬ್ಬಗಳು ನೂರಾರು ಇವೆ. ಎಷ್ಟೋ ಕಡೆ ಊರವರಿಗೂ ಅದು ಬರೀ ಗುಡ್ಡೆ.

("ನಮ್ಮ ಕಡೆ ಇಂಥದ್ದು ಇದೆಯಾ?" ಅಂತ ಒಬ್ಬ ಹುಡುಗಿ ಕೇಳಿದಳು.) ಇದೆ ಪುಟ್ಟಿ. ಕೊಡಗಿನಲ್ಲಿ ಕಡಂಗ ಅಂತ ಇವೆ, ಕಾಡು ಗುಡ್ಡ ದಾಟಿ ಉದ್ದಕ್ಕೂ ಹೋಗುವ ಆಳದ ಕಂದಕ, ಪಕ್ಕದಲ್ಲೇ ಮಣ್ಣಿನ ಏರಿ. ಕಾಫಿ ತೋಟದ ನಡುವೆ ಎಷ್ಟೋ ಸಲ ನೀನೂ ದಾಟಿರುತ್ತೀಯ. ಆದರೆ ಅದು ಬೇರೆ ಜನ, ಬೇರೆ ಕಾಲ, ಇನ್ನೊಂದು ದಿನದ ಮಾತು.

ಇನ್ನು ಇದನ್ನು ಓದುವುದು ಹೇಗೆ? ಮಣ್ಣಿನ ಕೋಟೆಯನ್ನು ನೋಡಲು ನಡುಮಧ್ಯಾಹ್ನದ ಬಿಸಿಲು ಪ್ರಯೋಜನ ಇಲ್ಲ, ಎಲ್ಲ ಚಪ್ಪಟೆ ಕಾಣುತ್ತದೆ. ಬೆಳಿಗ್ಗೆ ಬೇಗ, ಇಲ್ಲ ಸಂಜೆ. ಒಳ್ಳೆಯ ಬರಗಾಲದ ಬೇಸಿಗೆ ಇನ್ನೂ ಬೇರೆಯೇ ತೋರಿಸುತ್ತದೆ. 2018ರಲ್ಲಿ ಇಲ್ಲಿ ಮಳೆಯೇ ಇಲ್ಲದೆ ಹುಲ್ಲೆಲ್ಲ ಒಣಗಿತ್ತು, ನೆನಪಿದೆಯಾ? ನೆಲದಡಿ ಗೋಡೆಯ ಬುಡ ಇದ್ದ ಕಡೆ ಮಣ್ಣು ತೆಳು, ಅಲ್ಲಿ ಹುಲ್ಲು ಮೊದಲು ಹಳದಿ ಆಗುತ್ತದೆ. ತುಂಬಿಹೋದ ಕಂದಕದ ಮೇಲೆ ಮಣ್ಣು ಆಳ, ತೇವ ಜಾಸ್ತಿ, ಅಲ್ಲಿ ಹಸಿರು ಉಳಿಯುತ್ತದೆ. ಆ ಬೇಸಿಗೆಯಲ್ಲಿ ದೇಶದ ಎಷ್ಟೋ ಹೊಲಗಳಲ್ಲಿ ಹಳೆಯ ಮನೆಗಳ ನಕ್ಷೆ ಹಾಗೆ ತಾನಾಗೇ ಎದ್ದು ಬಂತು. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತ ಅಳೆಯುವ ಲೈಡಾರ್ ನಕ್ಷೆಗಳೂ ಇವೆ. ಇಂಗ್ಲೆಂಡಿನ ಎನ್ವಿರಾನ್ಮೆಂಟ್ ಏಜೆನ್ಸಿ ಅವನ್ನು ಬಿಟ್ಟಿಯಾಗಿ ಕೊಡುತ್ತದೆ, ಮನೆಯಲ್ಲೇ ಕೂತು ನೋಡಬಹುದು.

ಆದರೂ ನನಗೆ ಇಷ್ಟ ಹಳೆಯ ಕೈಬರಹದ ನಕ್ಷೆ. ಸರ್ವೆ ಮಾಡುವವರು ಇಳಿಜಾರನ್ನು ಗೊದಮೊಟ್ಟೆ ಆಕಾರದ ಪುಟ್ಟ ಗೆರೆಗಳಲ್ಲಿ ಬರೆಯುತ್ತಾರೆ. ದಪ್ಪ ತಲೆ ಮೇಲೆ, ಸಣ್ಣ ಬಾಲ ಕೆಳಗೆ. ಇಳಿಜಾರು ಕಡಿದಾದಷ್ಟೂ ಒತ್ತೊತ್ತಾಗಿ. ಈ ಫೋಟೋ ನೋಡಿ, ದಿಬ್ಬದ ಸುತ್ತ ನೂರಾರು ಗೊದಮೊಟ್ಟೆ ಒಂದೇ ಕಡೆ ತಲೆ ಮಾಡಿ ನಿಂತಿವೆ. ಇದನ್ನು ಬರೆಯಬೇಕಾದರೆ ಆ ನೆಲದ ಪ್ರತಿ ಅಂಚಿನ ಮೇಲೂ ಒಬ್ಬರು ನಡೆದಿರಬೇಕು.

ಇದಕ್ಕೆ ಹಿಂಸೆ ಆಗುವುದು ಸಣ್ಣ ಸಣ್ಣದರಿಂದ. ಹುಲ್ಲೇ ಇದರ ಮಾಡು. ಮಾಡು ಹರಿದರೆ ಮಳೆ ಒಳಗೆ ಹೋಗುತ್ತದೆ. ಕುರಿ ಪರವಾಗಿಲ್ಲ, ಹಗುರ. ದನ ಮಳೆಗಾಲದಲ್ಲಿ ಹತ್ತಿದರೆ ಗೊರಸು ನೆಟ್ಟು ಇಳಿಜಾರು ಕುಸಿಯುತ್ತದೆ. ಮೊಲ ಬಿಲ ತೋಡುತ್ತದೆ. ಮರ ಬೆಳೆದು ಬಿರುಗಾಳಿಗೆ ಬಿದ್ದರೆ ಬೇರಿನ ಜೊತೆ ಒಂದು ಗಾಡಿ ಮಣ್ಣು ಎದ್ದು ಬರುತ್ತದೆ. ಮತ್ತೆ ನಾವು. ಎಲ್ಲರೂ ಒಂದೇ ದಾರಿಯಲ್ಲಿ ಹತ್ತಿ ಇಳಿದು ದಿಬ್ಬದ ಮೈಮೇಲೆ ಬರೀ ಮಣ್ಣಿನ ಗೆರೆ ಬಿದ್ದಿದೆ. ಇದು ಕಾನೂನಿನ ರಕ್ಷಣೆ ಇರುವ ಜಾಗ, ಒಪ್ಪಿಗೆ ಇಲ್ಲದೆ ಒಂದು ಗುದ್ದಲಿ ಹಾಕುವ ಹಾಗಿಲ್ಲ, ಲೋಹ ಹುಡುಕುವ ಯಂತ್ರವನ್ನೂ ತರುವ ಹಾಗಿಲ್ಲ. ಅದು ಸರಿಯಾಗೇ ಇದೆ.

ಆ ಮಣ್ಣಿನ ಬಗ್ಗೆ ಇನ್ನೊಂದು ಹೇಳಲೇಬೇಕು. 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿನಡಿ ರಿಚರ್ಡ್‌ನ ಅಸ್ಥಿ ಸಿಕ್ಕಿತಲ್ಲ, 2015ರ ಮಾರ್ಚ್ 26ರಂದು ಅವನನ್ನು ಮತ್ತೆ ಹೂತರು. ಆಗ ಮೂರು ಕಡೆಯ ಮಣ್ಣು ತಂದಿದ್ದರು. ಅವನು ಬೆಳೆದ ಮಿಡ್ಲ್‌ಹ್ಯಾಮ್‌ನದು, ಸತ್ತ ಬಾಸ್ವರ್ತ್‌ನದು, ಹುಟ್ಟಿದ ಫಾದರಿಂಗ್‌ಹೇಯದು. ಟಿವಿಯಲ್ಲಿ ನೋಡುತ್ತಾ ನನಗೆ ನಮ್ಮಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವುದು ನೆನಪಾಗಿ ಗಂಟಲು ಕಟ್ಟಿತು. ಕಿರೀಟವೂ ಅಲ್ಲ, ಕಲ್ಲೂ ಅಲ್ಲ, ಅವನ ಮನೆಯಿಂದ ತರಲು ಉಳಿದಿದ್ದದ್ದು ಅದೇ.

ಡಿಸೆಂಬರ್‌ನಲ್ಲಿ ನಾವೆಲ್ಲ ಒಟ್ಟಿಗೆ ಹೋಗುತ್ತಿದ್ದೇವೆ. ಟಿಕೆಟ್ ಇಲ್ಲ. ಬೂಟು ಹಾಕಿಕೊಂಡು ಬನ್ನಿ, ಚಪ್ಪಲಿ ಆಗುವುದಿಲ್ಲ. ಹೊಲದ ಗೇಟು ದಾಟಿದ ಮೇಲೆ ಮರೆಯದೆ ಮುಚ್ಚಿ, ಕುರಿ ಹೊರಗೆ ಹೋಗುತ್ತವೆ. ಹತ್ತುವಾಗ ಸವೆದ ಗೆರೆ ಬಿಟ್ಟು ಹುಲ್ಲಿನ ಮೇಲೆ ಅಡ್ಡಡ್ಡ ಹತ್ತಿ, ಮಕ್ಕಳ ಕೈ ಹಿಡಿದುಕೊಳ್ಳಿ. ಮೇಲೆ ಹೋದ ಮೇಲೆ ಮೊದಲು ಚರ್ಚಿನ ಕಡೆ ತಿರುಗಿ. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಎಂಟು ಮೂಲೆಯ ಗೋಪುರ. ಚರ್ಚೂ ಅರ್ಧವೇ ಉಳಿದದ್ದು, ಇನ್ನರ್ಧ 16ನೇ ಶತಮಾನದಲ್ಲೇ ಹೋಯಿತು. ಗೋಪುರದ ತುದಿಯಲ್ಲಿ ಯಾರ್ಕ್ ಮನೆತನದ ಗುರುತಾದ ಗಿಡುಗ ಇವತ್ತಿಗೂ ಹೊಳೆಯುತ್ತದೆ.

ಊಟ ಮುಗಿಸಿ ನಿಧಾನಕ್ಕೆ ಹೊರಟರೆ ಆಗುವುದಿಲ್ಲ. ಮಧ್ಯಾಹ್ನ 3ಕ್ಕೆ ಎಲ್ಲರೂ ದಿಬ್ಬದ ಮೇಲೆ ಇರಬೇಕು. 4ಕ್ಕೆ ಸೂರ್ಯ ಇರುವುದಿಲ್ಲ. ಆ ನಡುವಿನ ಅರ್ಧ ಗಂಟೆ, ಮೋಡ ಇಲ್ಲದಿದ್ದರೆ, ಬಿಸಿಲು ಹುಲ್ಲಿನ ಮೇಲೇ ಮಲಗಿಕೊಂಡು ಬರುತ್ತದೆ. ಆಗ ಕೆಳಗೆ ನೋಡಿ. ಕಂದಕ ಕಪ್ಪಾಗಿ ತುಂಬಿಕೊಳ್ಳುತ್ತದೆ, ಏರಿಯ ಅಂಚು ಬೆಳ್ಳಗೆ ಕಾಣುತ್ತದೆ, ಅಂಗಳದ ಮೂಲೆಗಳು ಒಂದೊಂದಾಗಿ ಏಳುತ್ತವೆ.